ಕಾಫಿ ದುಡ್ಡಲ್ಲಿ ಭೂತಾನ್: ಹೊರಡುವ ಮುಂಚೆ ಹಾಕಬೇಕಾದ ಲೆಕ್ಕ

ಕಾಫಿ ಚೆರಿ (ಒಣಗಿಸಿದ ಹಣ್ಣು) ಮಾರಿದ ದುಡ್ಡು ಕೈಗೆ ಬಂದ ಕೂಡಲೇ ನಮ್ಮ ಕೊಡಗಿನಲ್ಲಿ ದುಬೈ, ಬ್ಯಾಂಕಾಕ್ ಮಾತು ಶುರುವಾಗುತ್ತದೆ. ಈ ಸಲ ಭೂತಾನ್ ನೋಡಿ. ಗದ್ದಲ ಇಲ್ಲ, ಆರಾಮವಾಗಿ, ಅದ್ದೂರಿಯಾಗಿ ಇರಬಹುದು. ಆದರೆ ಹೋಟೆಲ್ ಫೋಟೋ ನೋಡಿ ಬಜೆಟ್ ಶುರು ಮಾಡಬೇಡಿ, ತಪ್ಪಿಸಲಾಗದ ಖರ್ಚನ್ನು ಮೊದಲು ಬರೆದುಕೊಳ್ಳಿ.

ಅದರಲ್ಲಿ ಮೊದಲನೆಯದು ಅಲ್ಲಿನ ಸರ್ಕಾರದ ಎಸ್‌ಡಿಎಫ್, ಅಂದರೆ ಪ್ರವಾಸಿಗರು ಕೊಡಬೇಕಾದ ಸುಸ್ಥಿರ ಅಭಿವೃದ್ಧಿ ಶುಲ್ಕ. ಭಾರತೀಯರಿಗೆ ತಲೆಗೆ, ಒಂದು ರಾತ್ರಿಗೆ 1,200 ರೂಪಾಯಿ. ಗಂಡ ಹೆಂಡತಿ ಆರು ರಾತ್ರಿ ಇದ್ದರೆ 14,400. ಅಮೆರಿಕದ ಪಾಸ್‌ಪೋರ್ಟ್ ಇರುವ ಮಗಳೋ ಅಳಿಯನೋ ಜೊತೆಗೆ ಬಂದರೆ ಅವರಿಗೆ ರಾತ್ರಿಗೆ 100 ಡಾಲರ್, ವೀಸಾ ಬೇರೆ. ಇದನ್ನು ಎಷ್ಟೋ ಜನ ಮರೆಯುತ್ತಾರೆ.

ಆಮೇಲೆ ದಾರಿ. ನಮಗೆ ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ಹಾಗಾಗಿ ಬೆಂಗಳೂರಿನವರೆಗೆ ಕಾರು, ಅಲ್ಲಿ ಒಂದು ರಾತ್ರಿ, ಅಲ್ಲಿಂದ ಕೋಲ್ಕತ್ತಾ, ಮತ್ತೆ ಭೂತಾನ್‌ನ ವಿಮಾನ ನಿಲ್ದಾಣ ಇರುವ ಪಾರೋ, ಹೀಗೆ ಎಲ್ಲವನ್ನೂ ಲೆಕ್ಕಕ್ಕೆ ಸೇರಿಸಬೇಕು. ಪಾರೋ ಕಣಿವೆಯಲ್ಲಿ ಪೈಲಟ್ ಕಣ್ಣಾರೆ ನೋಡಿಯೇ ವಿಮಾನ ಇಳಿಸಬೇಕು, ಮೋಡ ಕವಿದರೆ ಕಾಯಬೇಕು. ವಾಪಸ್ ಬರುವಾಗ ಕೋಲ್ಕತ್ತಾದಿಂದ ಅದೇ ದಿನ ಬೆಂಗಳೂರಿಗೆ ಬೇರೆ ಟಿಕೆಟ್ ಮಾಡಿಟ್ಟು ಮೊದಲ ವಿಮಾನ ತಡವಾದರೆ ಎರಡನೇ ಟಿಕೆಟ್ ದುಡ್ಡು ಹೋದಂತೆಯೇ. ಕೋಲ್ಕತ್ತಾದಲ್ಲಿ ಒಂದು ರಾತ್ರಿಯ ರೂಮು ಬರೆದುಕೊಳ್ಳಿ, ಇದರಲ್ಲಿ ಮಾತ್ರ ಉಳಿಸಲು ಹೋಗಬೇಡಿ.

ಈಗ ಐಷಾರಾಮ. ಸಿಕ್ಸ್ ಸೆನ್ಸಸ್, ಅಮನ್‌ಕೋರಾದಂಥ ದೊಡ್ಡ ಹೋಟೆಲ್‌ಗಳಲ್ಲಿ ಸೀಸನ್‌ನಲ್ಲಿ ಒಂದು ರಾತ್ರಿಗೆ ಲಕ್ಷ ದಾಟುವುದುಂಟು. ಆರೂ ರಾತ್ರಿ ಅಲ್ಲೇ ಇರಬೇಕಾ? ನನ್ನ ಪ್ರಕಾರ ಬೇಡ. ಥಿಂಪುವಿನಿಂದ ಪುನಾಖಾಗೆ ಹೋಗುವ ದಿನ ನೀವು ಕಾರಲ್ಲೇ ಇರುತ್ತೀರಿ, ರೂಮಿಗೆ ಹೋಗುವುದು ಮಲಗಲು ಮಾತ್ರ. ಆ ದಿನಗಳಿಗೆ ಒಳ್ಳೆಯ ತ್ರೀ ಸ್ಟಾರ್ ಸಾಕು. ದೊಡ್ಡ ಹೋಟೆಲನ್ನು ಕೊನೆಯ ಎರಡು ರಾತ್ರಿಗೆ, ಪಾರೋದಲ್ಲಿ ಇಟ್ಟುಕೊಳ್ಳಿ. ಅಲ್ಲಿಂದ ಹತ್ತಿ ನೋಡುವ ತಕ್ತ್‌ಸಾಂಗ್ ಮಠ ಇರುವುದು 3,120 ಮೀಟರ್ ಎತ್ತರದಲ್ಲಿ. ನಮ್ಮ ತಡಿಯಂಡಮೋಳ್ ಬೆಟ್ಟ 1,748, ಹೋಲಿಸಿ ನೋಡಿ. ಅರ್ಧ ದಾರಿವರೆಗೆ ಕುದುರೆ ಸಿಗುತ್ತದೆ, ಇಳಿಯುವಾಗ ನಡೆದೇ ಬರಬೇಕು. ಅಷ್ಟು ಹತ್ತಿ ಇಳಿದು ಬಂದ ಸಂಜೆ, ಕಾದ ಕಲ್ಲು ಹಾಕಿ ಬಿಸಿ ಮಾಡಿದ ಮರದ ತೊಟ್ಟಿಯ ನೀರಲ್ಲಿ ಕೂತಾಗ ಕೊಟ್ಟ ದುಡ್ಡು ಸಾರ್ಥಕ ಅನ್ನಿಸುತ್ತದೆ. ಬುಕ್ ಮಾಡುವಾಗ ಊಟ, ಗೈಡ್, ಕಾರು, ತೆರಿಗೆ ಸೇರಿದೆಯಾ ಅಂತ ಒಂದೊಂದಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ.

ಇನ್ನೊಂದು ವಿಷಯ, ಇದು ತೋಟದವರಿಗೆ ಮುಖ್ಯ. ಇಲ್ಲಿನ ಏಜೆಂಟ್ ಹತ್ತಿರ ಪ್ಯಾಕೇಜ್ ತೆಗೆದುಕೊಂಡರೆ ಟಿಸಿಎಸ್, ಅಂದರೆ ದುಡ್ಡು ಕಟ್ಟುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಹಿಡಿಯುತ್ತಾರೆ. ಅದು ನಿಮ್ಮದೇ ದುಡ್ಡು, ಆದರೆ ವಾಪಸ್ ಬರಬೇಕಾದರೆ ಆದಾಯ ತೆರಿಗೆ ರಿಟರ್ನ್ ಹಾಕಬೇಕು. ಕೃಷಿ ಆದಾಯ ಅಂತ ರಿಟರ್ನ್ ಹಾಕದೇ ಸುಮ್ನೆ ಇರುವವರಿಗೆ ಅದು ಹೋದ ಹಾಗೆಯೇ. ಮುಂಚೆಯೇ ಆಡಿಟರ್ ಹತ್ತಿರ ಮಾತಾಡಿ.

ಯಾವಾಗ ಹೋಗುವುದು? ಅಲ್ಲಿ ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಸೀಸನ್, ದರ ಜಾಸ್ತಿ. ಚಳಿಗಾಲದಲ್ಲಿ ಕಡಿಮೆ, ಆದರೆ ಆಗ ನಮಗೆ ಕಾಫಿ ಕುಯ್ಲು, ಅಲ್ವಾ? ಹಾಗಾಗಿ ಕಾಫಿ ಹೂ ಅರಳಿಸುವ ಹೂ ಮಳೆ ಮುಗಿದ ಮೇಲೆ, ಏಪ್ರಿಲ್ ಕೊನೆಗೆ ಹೊರಡುವುದು ಒಳ್ಳೆಯದು. ಕೈಯಲ್ಲಿ ದುಡ್ಡೂ ಇರುತ್ತದೆ, ಅಲ್ಲಿನ ಬೆಟ್ಟಗಳಲ್ಲಿ ರೋಡೋಡೆಂಡ್ರಾನ್ ಹೂವೂ ಇರುತ್ತದೆ.

ಅಲ್ಲಿನ ಹಣ ನುಲ್ಟ್ರಮ್, ಅದು ನಮ್ಮ ರೂಪಾಯಿಗೆ ಸಮ. ಉಳಿದ ನೋಟನ್ನು ಪಾರೋದಲ್ಲೇ ಖರ್ಚು ಮಾಡಿ, ಮಡಿಕೇರಿಯಲ್ಲಿ ಯಾರೂ ತೆಗೆದುಕೊಳ್ಳುವುದಿಲ್ಲ.