ಡಲ್ಲಾಸ್ ಎಂದರೆ ಒಂದೇ ಊರಲ್ಲ: ನಮ್ಮ ಕಡೆಯ ಹೊಸಬರಿಗೆ

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯಿಂದ ಉತ್ತರ ಟೆಕ್ಸಾಸಿಗೆ ಹೊರಟವರೆಲ್ಲ ‘ಡಲ್ಲಾಸಿಗೆ ಹೋಗುತ್ತಿದ್ದೇನೆ’ ಎನ್ನುತ್ತಾರೆ. ಕಚೇರಿಯ ವಿಳಾಸ ತೆಗೆಸಿ ನೋಡಿದರೆ ಇರ್ವಿಂಗ್ ಇರುತ್ತದೆ, ಪ್ಲೇನೋ ಇರುತ್ತದೆ, ಫ್ರಿಸ್ಕೊ ಇರುತ್ತದೆ. ಈ ಊರುಗಳವರನ್ನು ಡಲ್ಲಾಸಿನವರು ಎಂದು ಕರೆದರೆ ಯಾರೂ ಬೇಸರಪಡುವುದಿಲ್ಲ. ಆದರೆ ವಿಳಾಸದಲ್ಲಿ ಫೋರ್ಟ್ ವರ್ತ್ ಎಂದಿದ್ದರೆ ಎಚ್ಚರ. ಅಲ್ಲಿನ ಸಹೋದ್ಯೋಗಿಯ ಎದುರು ‘ನಿಮ್ಮ ಡಲ್ಲಾಸ್ ಚೆನ್ನಾಗಿದೆ’ ಎಂದರೆ ಆತ ನಗುತ್ತಲೇ ತಿದ್ದುತ್ತಾನೆ, ಮತ್ತು ಆ ಮಾತನ್ನು ಮರೆಯುವುದಿಲ್ಲ.

ನಾನು ಫೋರ್ಟ್ ವರ್ತ್ ಪಕ್ಕದಲ್ಲಿ ಬಹಳ ಕಾಲದಿಂದ ನೆಲೆಸಿರುವ ಬಳ್ಳಾರಿಯವನು. ರಜೆಗೆಂದು ಊರಿಗೆ ಬಂದಾಗಲೆಲ್ಲ ಗಾಂಧಿನಗರದ ಮನೆಗೆ ಬಂದು ವಿಚಾರಿಸುವ ಹುಡುಗ ಹುಡುಗಿಯರಿಗೆ ಬಾಯಲ್ಲಿ ಹೇಳುತ್ತಿದ್ದುದನ್ನು ಈ ಸಲ ಬರೆದೇ ಕೊಡುತ್ತಿದ್ದೇನೆ. ವೀಸಾ, ಬ್ಯಾಂಕ್ ಖಾತೆ, ಸಿಮ್ ಕಾರ್ಡುಗಳ ಬಗ್ಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಐವತ್ತು ಕಿಲೋಮೀಟರ್ ಅಂತರದ ಈ ಎರಡು ಊರುಗಳ ಪೈಪೋಟಿಯನ್ನು ಮಾತ್ರ ಯಾರೂ ವಿವರಿಸುವುದಿಲ್ಲ. ಮನೆ ಎಲ್ಲಿ ಹಿಡಿಯಬೇಕು, ಯಾವ ರಸ್ತೆ ಹತ್ತಬೇಕು, ಯಾರ ಎದುರು ಏನು ಮಾತಾಡಬೇಕು ಎಂಬುದೆಲ್ಲ ಅದರೊಳಗೇ ಅಡಗಿದೆ.

ನಮಗೆ ಇದೇನೂ ಅರ್ಥವಾಗದ ವಿಷಯವಲ್ಲ. ಬಳ್ಳಾರಿಗೂ ಹೊಸಪೇಟೆಗೂ ಅರವತ್ತು ಕಿಲೋಮೀಟರ್. ಕೋಟೆ, ದೊಡ್ಡಾಸ್ಪತ್ರೆ, ಜಿಲ್ಲಾ ಕಚೇರಿ ನಮ್ಮವು ಎಂದು ಇವರು. ಹಂಪಿ, ಅಣೆಕಟ್ಟು ನಮ್ಮವು ಎಂದು ಅವರು. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗುವ ಮುಂಚೆ ಬಳ್ಳಾರಿಯಲ್ಲಿ ಬಂದ್ ಕೂಡ ನಡೆಯಿತು. ನನ್ನ ಹೆಂಡತಿ ಹೊಸಪೇಟೆಯವಳು. ನಮ್ಮ ಮನೆಯಲ್ಲಿ ಆ ವಿಭಜನೆಯ ಚರ್ಚೆ ಇನ್ನೂ ಮುಗಿದಿಲ್ಲ. ಡಲ್ಲಾಸ್, ಫೋರ್ಟ್ ವರ್ತಿನವರದೂ ಹೀಗೆಯೇ: ಮದುವೆ ಸಂಬಂಧ ಬೆಳೆಸುತ್ತಾರೆ, ವ್ಯಾಪಾರ ಮಾಡುತ್ತಾರೆ, ಕಾಲೆಳೆಯುವುದನ್ನು ಮಾತ್ರ ಬಿಡುವುದಿಲ್ಲ.

ಪೈಪೋಟಿಯ ಬೇರು ಮಣ್ಣಿನಲ್ಲಿದೆ. ಡಲ್ಲಾಸ್ ಕುಳಿತಿರುವುದು ಅಪ್ಪಟ ಎರೆ ಭೂಮಿಯ ಮೇಲೆ. ಸಿರುಗುಪ್ಪ, ಸಿಂಧನೂರಿನ ಹೊಲ ನೋಡಿದವರಿಗೆ ಆ ಮಣ್ಣಿನ ಗುಣ ಹೇಳಿಕೊಡಬೇಕಿಲ್ಲ: ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅಲ್ಲಿ ಹತ್ತಿ ಬೆಳೆಯಿತು. ಹತ್ತಿಯ ಬೆನ್ನಿಗೆ ದಲಾಲರು, ಬ್ಯಾಂಕುಗಳು, ವಿಮಾ ಕಂಪನಿಗಳು ಬಂದವು. ಪಶ್ಚಿಮಕ್ಕೆ ಸರಿದಂತೆ ಸುಣ್ಣಕಲ್ಲು, ಹುಲ್ಲುಗಾವಲು ಶುರು. 1849ರಲ್ಲಿ ಸೈನ್ಯದ ಠಾಣೆಯಾಗಿ ಹುಟ್ಟಿದ ಫೋರ್ಟ್ ವರ್ತ್ ಬೆಳೆದದ್ದು ದನದ ವ್ಯಾಪಾರದಿಂದ. ಒಂದು ಕಡೆ ಸೂಟು ತೊಟ್ಟ ಸಾಹುಕಾರ, ಇನ್ನೊಂದು ಕಡೆ ಬೂಟು ತೊಟ್ಟ ದನಗಾಹಿ. ಇವತ್ತಿಗೂ ಎರಡೂ ಊರು ತಮ್ಮನ್ನು ಹಾಗೆಯೇ ಚಿತ್ರಿಸಿಕೊಳ್ಳುತ್ತವೆ, ಇಬ್ಬರ ಕೆಲಸವೂ ಕಂಪ್ಯೂಟರಿನ ಮುಂದೆಯೇ ಆಗಿದ್ದರೂ.

ಮಣ್ಣಿನ ಮಾತು ಬಂದಿದ್ದಕ್ಕೆ ಒಂದು ಉಪಯೋಗದ ವಿಷಯ. ಡಲ್ಲಾಸ್ ಕಡೆ ಮನೆ ಕೊಳ್ಳುವವರು ತಳಪಾಯವನ್ನು ತಜ್ಞರಿಂದ ಪರೀಕ್ಷಿಸದೆ ಸಹಿ ಹಾಕಬೇಡಿ. ಆಗಸ್ಟ್ ತಿಂಗಳಲ್ಲಿ ಅಲ್ಲಿನವರು ಹನಿ ನೀರಾವರಿಯ ಪೈಪಿನಂಥದ್ದನ್ನು ಮನೆಯ ಸುತ್ತ ಗೋಡೆಯಿಂದ ಒಂದಡಿ ದೂರದಲ್ಲಿ ಹಾಸಿ, ಬರಿ ನೆಲಕ್ಕೆ ನೀರು ಬಿಡುತ್ತಾರೆ. ನಮ್ಮಪ್ಪ ಮೊದಲ ಸಲ ಅದನ್ನು ಕಂಡಾಗ ‘ಗಿಡವೇ ಇಲ್ಲ, ಯಾವುದಕ್ಕೆ ನೀರು?’ ಎಂದು ಕೇಳಿದರು. ಮನೆಗೆ. ಒಣಗಿದ ಎರೆ ಕುಗ್ಗಿದರೆ ತಳಪಾಯ ಒಂದು ಮೂಲೆಗೆ ಇಳಿದು, ಬಾಗಿಲು ಚೌಕಟ್ಟಿಗೆ ಕೂಡುವುದಿಲ್ಲ.

ಇನ್ನು ನೀವು ಕೇಳಲೇಬೇಕಾದ ಕಥೆ ಚಿರತೆಯದು. 1873ರ ಆರ್ಥಿಕ ಕುಸಿತಕ್ಕೆ ರೈಲು ಮಾರ್ಗದ ಕೆಲಸ ಡಲ್ಲಾಸಿನ ಹತ್ತಿರವೇ ನಿಂತಿತು. ರೈಲು ಬರಲಿಲ್ಲವೆಂದು ಫೋರ್ಟ್ ವರ್ತಿನ ಜನ ಊರು ಬಿಟ್ಟು ಹೋಗತೊಡಗಿದರು. 1875ರಲ್ಲಿ ಡಲ್ಲಾಸಿನ ಪತ್ರಿಕೆಯೊಂದು, ಆ ಊರು ಎಷ್ಟು ಹಾಳು ಸುರಿಯುತ್ತಿದೆಯೆಂದರೆ ನಡುಬೀದಿಯಲ್ಲಿ ಚಿರತೆ ಮಲಗಿದ್ದನ್ನು ಕಂಡವರಿದ್ದಾರೆ ಎಂದು ಬರೆಯಿತು. ಬೇರೆ ಊರಾಗಿದ್ದರೆ ಮಾನನಷ್ಟ ಮೊಕದ್ದಮೆ ಹೂಡುತ್ತಿತ್ತು. ಫೋರ್ಟ್ ವರ್ತಿನವರು ಆ ಚಿರತೆಯನ್ನೇ ತಮ್ಮ ಲಾಂಛನ ಮಾಡಿಕೊಂಡರು; ಮುಂದಿನ ವರ್ಷವೇ, ಊರವರೂ ಕೈಜೋಡಿಸಿ, ರೈಲು ತಂದುಕೊಂಡರು. ಈಗಲೂ ಅಲ್ಲಿನ ಪೊಲೀಸರ ಬ್ಯಾಡ್ಜ್ ಮೇಲೆ ಚಿರತೆ ಇದೆ. ನನಗೆ ಆ ಊರು ಹಿಡಿಸಿದ್ದು ಈ ಕಾರಣಕ್ಕೇ.

ಆಮೇಲೆ ಬಂದವನು ಏಮನ್ ಕಾರ್ಟರ್, ಫೋರ್ಟ್ ವರ್ತಿನ ಪತ್ರಿಕೆಯ ಒಡೆಯ. ಡಲ್ಲಾಸಿನಲ್ಲಿ ಕೆಲಸವಿದ್ದರೆ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದನಂತೆ, ಅಲ್ಲಿ ಊಟಕ್ಕೂ ಕಾಸು ಬಿಚ್ಚಬಾರದೆಂದು. 1936ರಲ್ಲಿ ಟೆಕ್ಸಾಸ್ ಶತಮಾನೋತ್ಸವದ ಅಧಿಕೃತ ಮೇಳ ಡಲ್ಲಾಸಿನ ಪಾಲಾದಾಗ ಸುಮ್ಮನಿರದೆ ತನ್ನ ಊರಿನಲ್ಲಿ ಇನ್ನೊಂದು ಮೇಳವನ್ನೇ ನಿಲ್ಲಿಸಿದ. ಜ್ಞಾನ ಬೇಕಾದವರು ಅಲ್ಲಿಗೆ ಹೋಗಿ, ಮೋಜು ಬೇಕಾದವರು ಇಲ್ಲಿಗೆ ಬನ್ನಿ ಎಂಬ ಧಾಟಿಯ ಪ್ರಚಾರ ಬೇರೆ.

ನೀವು ಇಳಿಯುವ ವಿಮಾನ ನಿಲ್ದಾಣವೇ ಇವರಿಬ್ಬರ ರಾಜಿಪತ್ರ. ಫೋರ್ಟ್ ವರ್ತ್ 1953ರಲ್ಲಿ ನಿಲ್ದಾಣ ತೆರೆದು ಕಾರ್ಟರನ ಹೆಸರಿಟ್ಟಿತು. ಡಲ್ಲಾಸಿನವರು ತಮ್ಮ ಲವ್ ಫೀಲ್ಡ್ ನಿಲ್ದಾಣ ಬಿಟ್ಟು ಅತ್ತ ಸುಳಿಯಲಿಲ್ಲ. 1964ರಲ್ಲಿ ಕೇಂದ್ರದ ವಿಮಾನಯಾನ ಮಂಡಳಿ, ಇಬ್ಬರೂ ಸೇರಿ ಒಂದೇ ಜಾಗ ಗೊತ್ತುಮಾಡಿ ಎಂದು ತಾಕೀತು ಮಾಡಿತು. ಹಾಗೆ ಎರಡೂ ಊರುಗಳ ನಡುವೆ, ಎರಡೂ ಕೌಂಟಿಗಳ (ನಮ್ಮ ಜಿಲ್ಲೆಯಂಥವು) ನೆಲದಲ್ಲಿ, 1974ರ ಜನವರಿಯಲ್ಲಿ ಡಿಎಫ್‌ಡಬ್ಲ್ಯೂ, ಅಂದರೆ ಡಲ್ಲಾಸ್-ಫೋರ್ಟ್ ವರ್ತ್ ನಿಲ್ದಾಣ, ಶುರುವಾಯಿತು. ಆಡಳಿತ ಮಂಡಳಿಯಲ್ಲಿ ಡಲ್ಲಾಸಿಗೆ ಏಳು ಮತ, ಫೋರ್ಟ್ ವರ್ತಿಗೆ ನಾಲ್ಕು. ಅಲ್ಲಿಗೂ ಮುಗಿಯಲಿಲ್ಲ. ಲವ್ ಫೀಲ್ಡಿನಿಂದ ದೂರದ ರಾಜ್ಯಗಳಿಗೆ ವಿಮಾನ ಹಾರದಂತೆ 1979ರಲ್ಲಿ ಕಾನೂನು ತಂದವರು ಫೋರ್ಟ್ ವರ್ತಿನ ಸಂಸದ ಜಿಮ್ ರೈಟ್. ಅದು ಪೂರ್ತಿ ಸಡಿಲವಾದದ್ದು 2014ರಲ್ಲಿ.

ಇದರ ಫಲ ನಿಮ್ಮ ಅಪ್ಪ ಅಮ್ಮ ಬಂದಾಗ ಗೊತ್ತಾಗುತ್ತದೆ. ಡಲ್ಲಾಸ್ ನಗರದ ಕೇಂದ್ರದಿಂದ ಬರುವ ಕಿತ್ತಳೆ ಮಾರ್ಗದ ರೈಲು ಟರ್ಮಿನಲ್ ‘ಎ’ಗೆ ಬಂದು ನಿಲ್ಲುತ್ತದೆ, ಫೋರ್ಟ್ ವರ್ತಿನಿಂದ ಬರುವ ಟೆಕ್ಸ್‌ರೈಲ್ ಟರ್ಮಿನಲ್ ‘ಬಿ’ಗೆ. ಯಾವ ಊರಿಗೆ ಹೋಗಬೇಕೆಂದು ಮೊದಲೇ ತಿಳಿದುಕೊಂಡು ನಿಲ್ದಾಣ ಹುಡುಕಿ. ಎರಡೂ ಊರುಗಳನ್ನು ನೇರವಾಗಿ ಜೋಡಿಸುವ ಟ್ರಿನಿಟಿ ರೈಲು ಬೇರೆ ಇದೆ, ಭಾನುವಾರ ಅದಕ್ಕೆ ರಜೆ.

ಹೆದ್ದಾರಿಯ ಕಥೆ ಇನ್ನೂ ಸೊಗಸು. ದಕ್ಷಿಣದಿಂದ ಬರುವ ಐ-35 ಹೆದ್ದಾರಿ ಹಿಲ್ಸ್‌ಬರೊ ಬಳಿ ಎರಡಾಗಿ ಒಡೆಯುತ್ತದೆ: 35ಇ ಡಲ್ಲಾಸಿಗೆ, 35ಡಬ್ಲ್ಯೂ ಫೋರ್ಟ್ ವರ್ತಿಗೆ. ಮತ್ತೆ ಉತ್ತರದ ಡೆಂಟನ್‌ನಲ್ಲಿ ಒಂದಾಗುತ್ತವೆ. ಯಾವ ಊರನ್ನೂ ಮುನಿಸಿಕೊಳ್ಳಲು ಬಿಡದ ರಸ್ತೆ. ಆಸ್ಟಿನ್‌ನಿಂದ ರಾತ್ರಿ ವಾಪಸಾಗುವಾಗ ಆ ಒಂದು ಅಕ್ಷರವನ್ನು ಗಮನಿಸದೆ ಹೋದರೆ ತಪ್ಪು ಊರಿನಲ್ಲಿರುತ್ತೀರಿ.

ಮನೆ ವಿಚಾರ. ಕನ್ನಡದವರು ಹೆಚ್ಚಾಗಿರುವುದು ಪೂರ್ವದ ಕಡೆ: ಇರ್ವಿಂಗ್, ಕಾಪೆಲ್, ಪ್ಲೇನೋ, ಫ್ರಿಸ್ಕೊ. ಸೋನಾ ಮಸೂರಿ ಅಕ್ಕಿ, ಮಂಡಕ್ಕಿ, ಪುಟಾಣಿ ಎಲ್ಲವೂ ಕೈಗೆಟುಕುವಂತೆ ಸಿಗುತ್ತವೆ. ಅಲ್ಲಿ ತೆಲುಗಿನವರು ಬಹಳ. ಬಳ್ಳಾರಿಯವರಿಗೆ ಇದು ಲಾಭವೇ, ಕೌಲ್ ಬಜಾರಿನಲ್ಲಿ ಕಲಿತ ತೆಲುಗು ಕೆಲಸಕ್ಕೆ ಬರುತ್ತದೆ. ಫೋರ್ಟ್ ವರ್ತ್ ಕಡೆ ನಮ್ಮವರು ಕಡಿಮೆ, ಗದ್ದಲವೂ ಕಡಿಮೆ. ಅದು ಸಣ್ಣ ಊರು ಎಂದುಕೊಳ್ಳಬೇಡಿ. 2024ರ ಅಂದಾಜಿನಲ್ಲಿ ಅದರ ಜನಸಂಖ್ಯೆ ಹತ್ತು ಲಕ್ಷ ದಾಟಿದೆ. ಗಂಡನ ಕಚೇರಿ ಒಂದು ಕಡೆ, ಹೆಂಡತಿಯದು ಇನ್ನೊಂದು ಕಡೆ ಎಂದಾದರೆ ನಡುವಿನ ಗ್ರೇಪ್‌ವೈನ್, ಯೂಲೆಸ್ ಕಡೆ ನೋಡಿ. ಮಧ್ಯದ ಆರ್ಲಿಂಗ್ಟನ್ ದೊಡ್ಡ ನಗರವಾದರೂ ಮಾಮೂಲಿ ಸಿಟಿ ಬಸ್ಸೇ ಇಲ್ಲ, ಕಾರು ಕೊಳ್ಳುವವರೆಗೆ ಅಲ್ಲಿ ಬೇಡ. ಅಂದ ಹಾಗೆ, ‘ಡಲ್ಲಾಸ್’ ಕೌಬಾಯ್ಸ್ ಎಂಬ ಅಮೆರಿಕನ್ ಫುಟ್‌ಬಾಲ್ ತಂಡ ಆಡುವುದು ಆ ಆರ್ಲಿಂಗ್ಟನ್‌ನಲ್ಲಿ, ಅದೂ ಫೋರ್ಟ್ ವರ್ತ್ ಇರುವ ಟ್ಯಾರಂಟ್ ಕೌಂಟಿಯಲ್ಲಿ. 1971ರಲ್ಲಿ ಡಲ್ಲಾಸ್ ಬಿಟ್ಟ ತಂಡ ತನ್ನ ಕ್ರೀಡಾಂಗಣಕ್ಕೆಂದು ಆ ಊರಿಗೆ ಮರಳಿಲ್ಲ. ಡಲ್ಲಾಸಿನವರ ಕಾಲೆಳೆಯಲು ಇದಕ್ಕಿಂತ ಒಳ್ಳೆಯ ಮಾಹಿತಿ ಇಲ್ಲ.

ಕಾಲೆಳೆಯಬಾರದ ವಿಷಯವೂ ಒಂದಿದೆ. ಅಧ್ಯಕ್ಷ ಕೆನಡಿ 1963ರ ನವೆಂಬರ್ 22ರ ಬೆಳಿಗ್ಗೆ ಫೋರ್ಟ್ ವರ್ತಿನಲ್ಲಿ ಭಾಷಣ ಮಾಡಿ, ವಿಮಾನದಲ್ಲಿ ಲವ್ ಫೀಲ್ಡಿಗೆ ಬಂದಿಳಿದು, ಮಧ್ಯಾಹ್ನ ಡಲ್ಲಾಸಿನ ಬೀದಿಯಲ್ಲಿ ಗುಂಡಿಗೆ ಬಲಿಯಾದರು. ವಯಸ್ಸಾದ ಡಲ್ಲಾಸಿಗರ ಎದುರು ಅದನ್ನು ಪೈಪೋಟಿಯ ಮಾತಿಗೆ ಎಳೆದು ತರಬೇಡಿ.

ವಾರಾಂತ್ಯಕ್ಕೆ ಎರಡೂ ಕಡೆ ಹೋಗಿ. ಸೆಪ್ಟೆಂಬರ್ ಕೊನೆಯಲ್ಲಿ ಡಲ್ಲಾಸಿನ ಫೇರ್ ಪಾರ್ಕಿನಲ್ಲಿ ರಾಜ್ಯದ ದೊಡ್ಡ ಜಾತ್ರೆ. ಕರಿದ ತಿಂಡಿಗೇ ಅದು ಹೆಸರುವಾಸಿ. ಬೆಣ್ಣೆಯನ್ನೂ ಹಿಟ್ಟಿನಲ್ಲಿ ಅದ್ದಿ ಕರಿದವರು ಅವರು. ಮಿರ್ಚಿ ತಿಂದು ಬೆಳೆದ ನನಗೇ ಅದು ಅತಿಯಾಯಿತು. ಫೋರ್ಟ್ ವರ್ತಿನ ಹಳೆಯ ದನದ ಸಂತೆ ಸ್ಟಾಕ್‌ಯಾರ್ಡ್ಸ್‌ನಲ್ಲಿ ದಿನಕ್ಕೆರಡು ಬಾರಿ, ಬೆಳಿಗ್ಗೆ ಹನ್ನೊಂದೂವರೆಗೆ ಮತ್ತು ಸಂಜೆ ನಾಲ್ಕಕ್ಕೆ, ಮಾರುದ್ದದ ಕೊಂಬಿನ ಎತ್ತುಗಳನ್ನು ಇಟ್ಟಿಗೆಯ ಬೀದಿಯಲ್ಲಿ ನಡೆಸುತ್ತಾರೆ. ಮಕ್ಕಳಿಗೆ ಖುಷಿ. ಅದೇ ಊರಿನ ಕಿಂಬೆಲ್ ಕಲಾ ಸಂಗ್ರಹಾಲಯವನ್ನು ತಪ್ಪಿಸಬೇಡಿ. ಅಹಮದಾಬಾದಿನ ಐಐಎಂ ಕಟ್ಟಡ ವಿನ್ಯಾಸ ಮಾಡಿದ ಲೂಯಿ ಕಾನ್ ಅವರೇ ಇದನ್ನೂ ರೂಪಿಸಿದವರು, 1972ರಲ್ಲಿ ತೆರೆಯಿತು, ಶಾಶ್ವತ ಸಂಗ್ರಹ ನೋಡಲು ಹಣ ಕೊಡಬೇಕಿಲ್ಲ. ಬಳ್ಳಾರಿಯಿಂದ ಜೀನ್ಸ್ ಹೊಲಿಸಿಕೊಂಡು ಬಂದವರು ಇಲ್ಲಿ ಧಾರಾಳವಾಗಿ ತೊಡಬಹುದು, ಈ ಊರಿನಲ್ಲಿ ಒಳ್ಳೆಯ ಹೋಟೆಲಿಗೂ ಅದೇ ಉಡುಪು.

ಕೊನೆಯದಾಗಿ ನಮ್ಮದೇ ತಕರಾರು. ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಕನ್ನಡದವರ ಕಾರ್ಯಕ್ರಮಗಳು ಬಹುಪಾಲು ಪೂರ್ವದ ಕಡೆಯೇ ನಡೆಯುತ್ತವೆ. ಪಶ್ಚಿಮದವರು ಹೋಳಿಗೆ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕಾರು ಓಡಿಸಬೇಕು. ಕೇಳಿದರೆ ‘ಜನ ಇರುವುದು ಇಲ್ಲೇ ಅಲ್ಲವೇ ಅಣ್ಣಾ’ ಎನ್ನುತ್ತಾರೆ. ಆದ್ದರಿಂದ ಫೋರ್ಟ್ ವರ್ತ್ ಕಡೆ ಮನೆ ಹಿಡಿದವರು, 817 ಸಂಕೇತದ ಫೋನ್ ನಂಬರ್ ಸಿಕ್ಕ ಕೂಡಲೇ ಒಂದು ಕರೆ ಮಾಡಿ. ಮುಂದಿನ ಯುಗಾದಿಯ ಜಾಗ ಗೊತ್ತುಮಾಡುವ ಸಭೆಗೆ ನಮ್ಮ ಕಡೆಯಿಂದ ತಲೆ ಲೆಕ್ಕ ಬೇಕಾಗಿದೆ.