ಮಲೆನಾಡಿನ ಹೆಸರಾಂತ ತಾಣಗಳಿಂದ ನಿರಾಸೆಪಟ್ಟು ಮರಳದಿರಲು ಏನು ಮಾಡಬೇಕು?

ಶಿವಮೊಗ್ಗ, ಚಿಕ್ಕಮಗಳೂರು ಕಡೆಗೆ ಪ್ರವಾಸ ಬಂದವರಿಂದ ‘ಹೇಳಿದಷ್ಟೇನೂ ಇಲ್ಲ, ಸುಮ್ಮನೆ ಹೆಸರು ಮಾಡಿವೆ’ ಎಂಬ ಮಾತನ್ನು ಕೇಳದ ಮಲೆನಾಡಿಗರು ಕಡಿಮೆ. ಆ ಮಾತಿನಲ್ಲಿ ಅರ್ಧ ನಿಜವಿದೆ. ಕೆಲವು ತಾಣಗಳು ತಮ್ಮ ಯೋಗ್ಯತೆಗಿಂತ ಹೆಚ್ಚಿನ ಹೆಸರು ಪಡೆದಿವೆ. ಉಳಿದರ್ಧವನ್ನು ಮಾತ್ರ ಬಂದವರೇ ಹೊರಬೇಕು. ಜೂನ್‌ನಲ್ಲಿ ನೋಡಬೇಕಾದುದನ್ನು ಜನವರಿಯಲ್ಲಿ, ಬೆಳಿಗ್ಗೆ ನೋಡಬೇಕಾದುದನ್ನು ಮಧ್ಯಾಹ್ನದ ಊಟವಾದ ಮೇಲೆ ನೋಡಹೊರಟರೆ ಯಾವ ಊರಾದರೂ ಬೇಸರ ತರಿಸುತ್ತದೆ. ಆದ್ದರಿಂದ ಊರಿನ ಹೆಸರನ್ನು ಗೊತ್ತುಮಾಡುವ ಮೊದಲು ತಿಂಗಳನ್ನೂ ಹೊತ್ತನ್ನೂ ಗೊತ್ತುಮಾಡಿಕೊಳ್ಳುವುದು ಒಳ್ಳೆಯದು.

ಅತಿ ಹೆಚ್ಚು ಜನ ಪೆಚ್ಚುಮೋರೆ ಹಾಕಿಕೊಂಡು ಮರಳುವುದು ಜೋಗದಿಂದ. ಶರಾವತಿಯು 253 ಮೀಟರ್ ಎತ್ತರದಿಂದ ರಾಜ, ರಾಣಿ, ರೋರರ್, ರಾಕೆಟ್ ಎಂಬ ನಾಲ್ಕು ಕವಲುಗಳಾಗಿ ಧುಮುಕುತ್ತದೆ ಎಂದು ಶಾಲೆಯಲ್ಲಿ ಓದಿದ್ದು ಸುಳ್ಳಲ್ಲ, ಆದರೆ ವರ್ಷವಿಡೀ ನಿಜವೂ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಸಿದ್ಧವಾದ ಮೇಲೆ ನದಿಯ ನೀರಿನ ಮೇಲಿನ ಮೊದಲ ಹಕ್ಕು ವಿದ್ಯುತ್ ಉತ್ಪಾದನೆಯದಾಯಿತು. ಈಗ ಜಲಪಾತ ಮೈದುಂಬಬೇಕಾದರೆ ಒಂದೋ ಜಲಾಶಯದ ಮಟ್ಟ ಅದರ ಪೂರ್ಣಮಟ್ಟವಾದ 1,819 ಅಡಿಯ ಹತ್ತಿರಕ್ಕೆ ಬಂದು ಗೇಟು ತೆರೆಯಬೇಕು, ಇಲ್ಲವೇ ಅಣೆಕಟ್ಟಿಗೂ ಜಲಪಾತಕ್ಕೂ ನಡುವಿನ ಗುಡ್ಡಗಳಲ್ಲಿ ಜಡಿಮಳೆ ಹೊಡೆದು ಹಳ್ಳಗಳೆಲ್ಲ ಹೊಳೆಗೆ ಸೇರಬೇಕು. ಇವೆರಡೂ ಇಲ್ಲದ ಏಪ್ರಿಲ್ ತಿಂಗಳಲ್ಲಿ ಅಲ್ಲಿ ಕಾಣುವುದು ಕಪ್ಪು ಬಂಡೆ ಮತ್ತು ಅದರ ಮೇಲಿಂದ ಇಳಿಯುವ ಒಂದೆರಡು ಬಿಳಿಯ ಎಳೆಗಳು.

ಮಳೆಗಾಲದಲ್ಲಿ ಪತ್ರಿಕೆಗಳು ಜಲಾಶಯಗಳ ನೀರಿನ ಮಟ್ಟವನ್ನು ದಿನವೂ ಪ್ರಕಟಿಸುತ್ತವೆ. ಜೋಗಕ್ಕೆ ಹೊರಡುವವರು ಅದರಲ್ಲಿ ಲಿಂಗನಮಕ್ಕಿಯ ಸಾಲನ್ನು ನೋಡುವ ರೂಢಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಮಟ್ಟ ಕೆಳಗಿದ್ದರೂ ಪುನರ್ವಸು, ಪುಷ್ಯ ಮಳೆಗಳು ಕಾರ್ಗಲ್, ಜೋಗದ ಸುತ್ತ ಬಿಡದೆ ಸುರಿಯುತ್ತಿದ್ದರೆ ಹೋಗಬಹುದು. ಗೇಟು ತೆರೆದ ಸುದ್ದಿ ಬಂದ ಮೇಲೆಯೇ ಹೋಗುತ್ತೇನೆ ಎಂದು ಕಾದು ಕೂರುವುದು ಜಾಣತನವಲ್ಲ. ಗೇಟು ಎಲ್ಲ ವರ್ಷವೂ ತೆರೆಯುವುದಿಲ್ಲ, ತೆರೆದ ವರ್ಷವೂ ಆ ಸುದ್ದಿಯನ್ನು ಇಡೀ ರಾಜ್ಯ ಒಟ್ಟಿಗೇ ಓದಿರುತ್ತದೆ. ಕಾಮಗಾರಿಗಾಗಿ ಪ್ರವೇಶ ನಿಲ್ಲಿಸುವ ಸಂದರ್ಭಗಳೂ ಇವೆ. 2025ರ ಆರಂಭದಲ್ಲಿ ಹಾಗೆಯೇ ಆಗಿತ್ತು.

ನೀರು ತುಂಬಿದ ದಿನವೂ ನಿರಾಸೆಯಾಗುವುದುಂಟು, ಅದಕ್ಕೆ ಕಾರಣ ಮಂಜು. ಕಟಾಂಜನಕ್ಕೆ ಒರಗಿ ನಿಂತರೆ ಮುಂದೆ ಬರೀ ಬಿಳುಪು. ಮೊರೆತ ಮಾತ್ರ ಕಿವಿ ತುಂಬುತ್ತಿರುತ್ತದೆ. ಕೊಡೆ ಹಿಡಿದ ಹಿರಿಯರು ‘ಎಲ್ಲಿದೆ, ಏನೂ ಕಾಣುವುದಿಲ್ಲವಲ್ಲ’ ಎನ್ನುತ್ತಾರೆ, ಬಸ್ಸಿನ ಚಾಲಕ ಹಾರ್ನ್ ಹೊಡೆಯುತ್ತಾನೆ, ತಂಡವೆಲ್ಲ ಸುಟ್ಟ ಜೋಳ ತಿನ್ನುತ್ತ ಹಿಂತಿರುಗುತ್ತದೆ. ಅವರು ಬೆನ್ನು ತಿರುಗಿಸಿದ ಮೇಲೆ ಗಾಳಿ ಬೀಸಿ, ಮೊದಲು ರಾಣಿಯ ಅಂಚು, ಆಮೇಲೆ ಬಂಡೆಯ ಕಪ್ಪು, ಕೊನೆಗೆ ರಾಜನ ಪೂರಾ ಉದ್ದ ತೆರೆದುಕೊಂಡು, ಐದು ನಿಮಿಷದಲ್ಲಿ ಮತ್ತೆ ಮುಚ್ಚಿಹೋಗುತ್ತದೆ. ಹೋದ ಪುಟ್ಟ ಬಂದ ಪುಟ್ಟ ಎಂಬಂತೆ ಬಂದವರಿಗೆ ಜೋಗ ಒಲಿಯುವುದಿಲ್ಲ. ಜುಲೈ, ಆಗಸ್ಟ್‌ನಲ್ಲಿ ಬರುವವರು ಕನಿಷ್ಠ ಅರ್ಧ ದಿನವನ್ನಾದರೂ ಅಲ್ಲಿಗೇ ಮೀಸಲಿಡಬೇಕು. ಸಾಗರದ ಕಡೆಯಿಂದ ನಾಲ್ಕೂ ಕವಲುಗಳನ್ನು ಎದುರಿಗೆ ನೋಡಿ, ಮಂಜು ಕವಿದಾಗ ಸಿದ್ದಾಪುರದ ಕಡೆಯ ದಡಕ್ಕೂ ಹೋಗಿಬಂದರೆ ಹೊತ್ತು ವ್ಯರ್ಥವಾಗುವುದಿಲ್ಲ.

ಹೊರಡುವ ಮುನ್ನ ಹೋಂಸ್ಟೇಗೆ ಫೋನ್ ಮಾಡಿ ವಿಚಾರಿಸುವುದು ವಾಡಿಕೆ. ಆದರೆ ‘ಈಗ ಚೆನ್ನಾಗಿದೆಯಾ?’ ಎಂದು ಕೇಳಿದರೆ ಬರುವ ಉತ್ತರ ಒಂದೇ: ‘ಬನ್ನಿ ಬನ್ನಿ, ಬಹಳ ಚೆನ್ನಾಗಿದೆ.’ ಇದರಲ್ಲಿ ಮೋಸವಿರಬೇಕೆಂದಿಲ್ಲ. ಬರುತ್ತೇನೆ ಎಂದವರಿಗೆ ಬೇಡ ಎನ್ನುವ ಪದ್ಧತಿ ನಮ್ಮ ಕಡೆ ಇಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಬೇಕು. ‘ಗೌಡ್ರೇ, ಇವತ್ತು ನಾಲ್ಕೂ ಕವಲು ಕಾಣ್ತಿದಾವಾ, ಎರಡೇನಾ?’ ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆ. ಅಂದು ಬೆಳಿಗ್ಗೆ ತೆಗೆದ ಫೋಟೊ ಒಂದನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ಎಂದರೆ ಇನ್ನೂ ಒಳ್ಳೆಯದು.

ಆಗುಂಬೆಯ ಸೂರ್ಯಾಸ್ತವು ನನ್ನ ಲೆಕ್ಕದಲ್ಲಿ ಯೋಗ್ಯತೆಗಿಂತ ಹೆಚ್ಚು ಹೊಗಳಿಸಿಕೊಂಡ ನೋಟ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನನ್ನು ಹುಡುಕಿಕೊಂಡು ಬರುವುದೇ ವಿಚಿತ್ರ, ಆದರೂ ಬರುತ್ತಾರೆ. ಆಕಾಶ ತಿಳಿಯಾಗಿರುವ ಡಿಸೆಂಬರ್, ಜನವರಿಯಲ್ಲಿ ದೂರದ ಸಮುದ್ರದ ಮೇಲೆ ಸೂರ್ಯ ಇಳಿಯುವುದು ಕಾಣಬಹುದು. ರಜೆಯ ದಿನವಾದರೆ ಅದನ್ನು ಮುಂದಿನವರ ಮೊಬೈಲ್ ಪರದೆಯಲ್ಲಿ ನೋಡಬೇಕಾಗುತ್ತದೆ. ಆಗುಂಬೆಗೆ ಮಳೆ ನೋಡಲೆಂದೇ ಬರುವುದು ಸರಿಯಾದ ಕ್ರಮ. ಇಂಬಳಕ್ಕೆ (ಜಿಗಣೆಗೆ) ಸುಣ್ಣವೋ ಉಪ್ಪೋ ಜೇಬಿನಲ್ಲಿರಲಿ. ಸಂಜೆಯ ನೋಟವೇ ಬೇಕೆನ್ನುವವರು ಒಣಹವೆಯ ದಿನಗಳಲ್ಲಿ ಕುಂದಾದ್ರಿಗೆ ಹೋಗಬಹುದು. ಬಂಡೆಯ ನೆತ್ತಿಯ ಮೇಲೆ ಪಾರ್ಶ್ವನಾಥನ ಬಸದಿಯಿದೆ, ಸೂರ್ಯ ಕಾಣದಿದ್ದರೂ ಹೋದದ್ದು ದಂಡವಾಗುವುದಿಲ್ಲ.

ಕೆಲವೆಡೆ ಹೆಸರೇ ದಾರಿ ತಪ್ಪಿಸುತ್ತದೆ. ಶಿವಮೊಗ್ಗ ನಗರದ ಶಿವಪ್ಪ ನಾಯಕ ಅರಮನೆಗೆ ಮೈಸೂರಿನ ಅರಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರು ಗೇಟಿನಲ್ಲೇ ತಬ್ಬಿಬ್ಬಾಗುತ್ತಾರೆ. ಅದು ಮರದ ಕಂಬಗಳ, ಹೆಂಚಿನ ಮಾಡಿನ ಸಾಧಾರಣ ಗಾತ್ರದ ಕಟ್ಟಡ. ಸರ್ಕಾರಿ ವಸ್ತುಸಂಗ್ರಹಾಲಯ ಎಂದುಕೊಂಡು ಒಳಹೊಕ್ಕು, ಅಂಗಳದಲ್ಲಿ ಇರಿಸಿರುವ ವೀರಗಲ್ಲು, ಶಿಲ್ಪಗಳನ್ನು ನಿಧಾನವಾಗಿ ನೋಡಿದರೆ ಸಮಾಧಾನವಾದೀತು. ತೀರ್ಥಹಳ್ಳಿ ರಸ್ತೆಯ ಮಂಡಗದ್ದೆ ಪಕ್ಷಿಧಾಮವೂ ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯಷ್ಟೆ. ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವ ಮಳೆಗಾಲದ ತಿಂಗಳುಗಳಲ್ಲಿ ಮರಗಳೇ ಬಿಳಿಯಾಗಿರುತ್ತವೆ, ಮಾರ್ಚ್‌ನಲ್ಲಿ ಬಂದರೆ ಬರೀ ಮರಗಳಿರುತ್ತವೆ. ಅದೇ ರಸ್ತೆಯ ಸಕ್ರೆಬೈಲಿನಲ್ಲಿ ತಿಂಗಳಿಗಿಂತ ಗಂಟೆಯೇ ಮುಖ್ಯ. ಬಿಡಾರದ ಆನೆಗಳು ಗಾಜನೂರಿನ ಹಿನ್ನೀರಿನಲ್ಲಿ ಮೈ ತೊಳೆಸಿಕೊಳ್ಳುವುದು ಬೆಳಗಿನ ಹೊತ್ತು, ಅದಾದ ಮೇಲೆ ಅವು ಕಾಡಿಗೆ ಹೋಗುತ್ತವೆ. ಶಿವಮೊಗ್ಗದಲ್ಲಿ ನಿಧಾನವಾಗಿ ತಿಂಡಿ ಮುಗಿಸಿ ಹನ್ನೆರಡಕ್ಕೆ ಬಂದವರಿಗೆ ಕಾಣುವುದು ಲದ್ದಿ ಮತ್ತು ಖಾಲಿ ದಡ. ಇವು ಪಳಗಿದ ಆನೆಗಳು, ಕಾಲಿಗೆ ಸರಪಳಿ ಇರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಟ್ಟರೆ ಒಳಿತು.

ಬೆಟ್ಟಗಳ ಮಾತು ಬೇರೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ ಎಂಬ ಕಾರಣಕ್ಕೇ ವಾರಾಂತ್ಯದಲ್ಲಿ ಕಾರುಗಳ ಸಾಲು ಬೆಟ್ಟವನ್ನು ಸುತ್ತುತ್ತದೆ; ಭಾನುವಾರ ಅಲ್ಲಿಗೆ ಹೋಗುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ. ವಾರದ ನಡುವೆ, ಬೆಳಕು ಹರಿಯುವ ಹೊತ್ತಿಗೆ ಹೋಗಬೇಕು, ವಾಹನಗಳ ಮೇಲಿನ ನಿರ್ಬಂಧವನ್ನು ಮೊದಲೇ ವಿಚಾರಿಸಿಕೊಳ್ಳಬೇಕು. 1,343 ಮೀಟರ್ ಎತ್ತರದ ಕೊಡಚಾದ್ರಿಯಲ್ಲಿ ನಿರಾಸೆ ದಾರಿಯಲ್ಲೇ ಶುರುವಾಗುತ್ತದೆ: ಜೀಪಿನ ಕುಲುಕಾಟಕ್ಕೆ ಸೊಂಟ ನೋವು ಇರುವವರು ಸೋತುಹೋಗುತ್ತಾರೆ, ಜೀಪು ನಿಲ್ಲುವಲ್ಲಿಂದ ಮುಂದೆ ನಡಿಗೆಯೇ ಗತಿ, ತುದಿಯಲ್ಲಿರುವ ಸರ್ವಜ್ಞಪೀಠ ಒಂದು ಚಿಕ್ಕ ಕಲ್ಲಿನ ಮಂಟಪ. ನಡಿಗೆಯನ್ನೇ ಇಷ್ಟಪಡುವವರಿಗೆ ಇದಕ್ಕಿಂತ ಒಳ್ಳೆಯ ಬೆಟ್ಟ ಈ ಕಡೆ ಇಲ್ಲ. ದೊಡ್ಡ ದೇವಸ್ಥಾನ ನಿರೀಕ್ಷಿಸುವವರು ಕೊಲ್ಲೂರಿನಲ್ಲೇ ಉಳಿಯುವುದು ಲೇಸು.

ರೀಲ್ ನೋಡಿ ಹೊರಡುವವರು ಅದನ್ನು ಚಿತ್ರಿಸಿದ ದಿನಾಂಕವನ್ನು ಗಮನಿಸಬೇಕು. ಕಾರು, ಬಸ್ಸುಗಳನ್ನು ಹೊತ್ತ ಲಾಂಚ್ ಶರಾವತಿ ಹಿನ್ನೀರನ್ನು ದಾಟುವ ದೃಶ್ಯವನ್ನೇ ನಂಬಿ ಸಿಗಂದೂರಿಗೆ ಬರುವವರು ಇಂದಿಗೂ ಇದ್ದಾರೆ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ನಡುವೆ ಸುಮಾರು 2.44 ಕಿಲೋಮೀಟರ್ ಉದ್ದದ ಸೇತುವೆ ತೆರೆದ ಮೇಲೆ ಆ ಪ್ರಯಾಣದ ಸ್ವರೂಪವೇ ಬದಲಾಗಿದೆ. ದ್ವೀಪದಂತೆ ಬದುಕಿದ್ದ ಆ ಕಡೆಯ ಹಳ್ಳಿಗಳಿಗೆ ಅದು ದಶಕಗಳ ಬೇಡಿಕೆ. ಪ್ರವಾಸಿಗರ ಬೇಸರ ಅದರ ಮುಂದೆ ದೊಡ್ಡದಲ್ಲ.

ಜೋಗದಲ್ಲಿ ನೀರಿಲ್ಲ ಎಂಬುದು ಸಾಗರ ತಲುಪಿದ ಮೇಲೆ ತಿಳಿದರೆ, ಅಲ್ಲಿಯೇ ಇಳಿದು ಇಕ್ಕೇರಿಗೂ ಕೆಳದಿಗೂ ಹೋಗಬಹುದು. ಎರಡೂ ಪೇಟೆಯಿಂದ ಕೆಲವೇ ಕಿಲೋಮೀಟರ್. ಇಕ್ಕೇರಿಯ ಅಘೋರೇಶ್ವರ ದೇವಾಲಯದ ಒಳಗೆ, ಗರ್ಭಗುಡಿಯ ಎದುರಿನ ನೆಲಹಾಸಿನ ಕಲ್ಲಿನಲ್ಲಿ, ದೇವರಿಗೆ ವಂದಿಸುತ್ತಿರುವ ಕೆಳದಿ ನಾಯಕರ ಆಕೃತಿಗಳನ್ನು ಕೊರೆದಿದ್ದಾರೆ. ತಲೆ ಎತ್ತಿ ಕಂಬ ನೋಡುತ್ತ ನಡೆಯುವವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ಕೆಳದಿಯಲ್ಲಾದರೆ ಕತ್ತೆತ್ತಬೇಕು, ಅಲ್ಲಿನ ಗಂಡಭೇರುಂಡ ಇರುವುದು ಚಾವಣಿಯಲ್ಲಿ. ಬಳ್ಳಿಗಾವಿಯ ಕೇದಾರೇಶ್ವರ, ತಾಳಗುಂದದ ಕದಂಬರ ಸ್ತಂಭಶಾಸನ ಇವೆಲ್ಲ ಇರುವುದು ಶಿಕಾರಿಪುರ ತಾಲ್ಲೂಕಿನಲ್ಲಿ. ಅವನ್ನೂ ಅದೇ ಮಧ್ಯಾಹ್ನಕ್ಕೆ ತುರುಕದೆ, ಇನ್ನೊಂದು ದಿನ ಬೆಳಿಗ್ಗೆಯೇ ಹೊರಟು ನೋಡುವುದು ಅನುಕೂಲ.