ಕೆನಡಾಕ್ಕೆ ಐಇಎಲ್‌ಟಿಎಸ್: ಅಕೌಂಟೆಂಟ್ ಒಬ್ಬಳ ಲೆಕ್ಕಾಚಾರ

ಬಿ.ಕಾಂ. ಓದಿದ್ದು ಇಂಗ್ಲಿಷಿನಲ್ಲಿ. ಮಂಗಳೂರಿನ ಗೇರುಬೀಜ ಕಂಪನಿಯೊಂದರ ಲೆಕ್ಕ ವಿಭಾಗದಲ್ಲಿ ವರ್ಷಗಟ್ಟಲೆ ಪತ್ರ ಬರೆದದ್ದೂ ಇಂಗ್ಲಿಷಿನಲ್ಲೇ. ಕಾಯಂ ವಾಸಕ್ಕೆ ನುರಿತ ಕೆಲಸಗಾರರನ್ನು ಅಂಕ ನೋಡಿ ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿ ವ್ಯವಸ್ಥೆಗೆ ಇದಾವುದೂ ಲೆಕ್ಕಕ್ಕಿಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದವರೂ ಭಾಷಾ ಪರೀಕ್ಷೆ ಬರೆಯಲೇಬೇಕು. ಸೆಲ್‌ಪಿಪ್ ಜನರಲ್, ಪಿಟಿಇ ಕೋರ್ ಎಂಬ ಪರೀಕ್ಷೆಗಳೂ ಆಗುತ್ತವೆ. ನಾನು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯ ಜನರಲ್ ಟ್ರೈನಿಂಗ್ ಮಾದರಿಯನ್ನು ಆರಿಸಿಕೊಂಡೆ. ಮಣಿಪಾಲದ ಹುಡುಗರು ಓದಲು ಹೋಗುವಾಗ ಬರೆಯುವ ಅಕಾಡೆಮಿಕ್ ಮಾದರಿ ಇದಕ್ಕೆ ಬಾರದು.

ಎಲ್ಲರೂ ಕೇಳುವುದು “ಒಟ್ಟು ಎಷ್ಟು ಬ್ಯಾಂಡ್ ಬಂತು?” ಎಂದು. ಬ್ಯಾಂಡ್ ಎಂದರೆ ಈ ಪರೀಕ್ಷೆಯ ಅಂಕ. ಆ ಒಟ್ಟು ಅಂಕವನ್ನು ಕೆನಡಾ ನೋಡುವುದೇ ಇಲ್ಲ. ನಾಲ್ಕು ವಿಭಾಗಗಳನ್ನೂ ಬೇರೆ ಬೇರೆಯಾಗಿ ಸಿಎಲ್‌ಬಿ ಎಂಬ ತನ್ನ ಮಾಪನಕ್ಕೆ ಇಳಿಸಿಕೊಳ್ಳುತ್ತದೆ. ನುರಿತ ಕೆಲಸಗಾರರ ವರ್ಗದಲ್ಲಿ ಅರ್ಹತೆಗೆ ಪ್ರತಿಯೊಂದರಲ್ಲೂ 6 ಬಂದರೆ ಸಾಕು, ಅದು ಸಿಎಲ್‌ಬಿ 7. ಆದರೆ ಪೈಪೋಟಿಯಲ್ಲಿ ನಿಲ್ಲಲು ಬೇಕಾದದ್ದು ಸಿಎಲ್‌ಬಿ 9: ಓದು, ಬರಹ, ಮಾತು ಮೂರರಲ್ಲೂ 7, ಆಲಿಸುವಿಕೆಯಲ್ಲಿ ಮಾತ್ರ 8.

ನನ್ನಂತೆ ಒಂದು ಪದವಿ, ಮೂರು ವರ್ಷಕ್ಕಿಂತ ಹೆಚ್ಚಿನ ಅನುಭವವಿರುವ ಅವಿವಾಹಿತರನ್ನೇ ತೆಗೆದುಕೊಳ್ಳಿ. ಬರಹದಲ್ಲಿ 7ರ ಬದಲು 6.5 ಬಂದರೆ ನೇರವಾಗಿ ಹೋಗುವುದು ಎಕ್ಸ್‌ಪ್ರೆಸ್ ಎಂಟ್ರಿಯ 8 ಅಂಕ. ಪದವಿ ಮತ್ತು ಅನುಭವಕ್ಕೆ ಭಾಷೆಯ ಜೊತೆ ಸೇರಿಸಿ ಕೊಡುವ ಅಂಕಗಳೂ 75ರಿಂದ 38ಕ್ಕೆ ಇಳಿಯುತ್ತವೆ. ಅರ್ಧ ಬ್ಯಾಂಡಿಗೆ 45 ಅಂಕ ನಷ್ಟ! ಈ ಲೆಕ್ಕ ಕಾಗದದ ಮೇಲೆ ಬಂದ ದಿನವೇ ನನ್ನ ಓದಿನ ಕ್ರಮ ಬದಲಾಯಿತು. ಓದುವ ವಿಭಾಗದ ಅಭ್ಯಾಸ ಕಡಿಮೆ ಮಾಡಿ, ಉಳಿದ ಸಮಯವನ್ನೆಲ್ಲ ಆಲಿಸುವಿಕೆಗೂ ಬರಹಕ್ಕೂ ಸುರಿದೆ.

ಆಲಿಸುವಿಕೆಯಲ್ಲಿ 40 ಪ್ರಶ್ನೆ, ಧ್ವನಿ ಕೇಳಿಸುವುದು ಒಂದೇ ಬಾರಿ. 8 ಬರಬೇಕಾದರೆ ಸುಮಾರು 35 ಸರಿಯಾಗಬೇಕು. ಉಡುಪಿಯಿಂದ ಮಂಗಳೂರಿಗೆ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಹೋಗಿಬರುವಾಗ ಇಯರ್‌ಫೋನ್ ಹಾಕಿ ಅಭ್ಯಾಸ ಮಾಡಿದೆ. ಕಂಡಕ್ಟರನ ಸೀಟಿ, ಹಾರ್ನ್‌ಗಳ ನಡುವೆ ಬೀದಿಯ ಹೆಸರಿನ ಅಕ್ಷರಗಳನ್ನು ಹಿಡಿಯಲು ಬಂದರೆ ಪರೀಕ್ಷಾ ಕೊಠಡಿಯ ಹೆಡ್‌ಫೋನ್ ಸ್ವರ್ಗ. ಬಿಟ್ಟುಹೋದ ಉತ್ತರವನ್ನು ಅಲ್ಲೇ ಬಿಟ್ಟು ಮುಂದಿನದಕ್ಕೆ ಹೋಗುವುದನ್ನೂ ಬಸ್ಸೇ ಕಲಿಸಿತು.

ಬರಹಕ್ಕೆ 60 ನಿಮಿಷ: ಕನಿಷ್ಠ 150 ಪದಗಳ ಒಂದು ಪತ್ರ, ಕನಿಷ್ಠ 250 ಪದಗಳ ಒಂದು ಪ್ರಬಂಧ. ಪ್ರಬಂಧದ ತೂಕ ಪತ್ರದ ಎರಡರಷ್ಟು, ಹಾಗಾಗಿ 40 ನಿಮಿಷ ಅದಕ್ಕೇ ಮೀಸಲು. ಪತ್ರ ನನಗೆ ಸುಲಭವೆಂದು ಎಲ್ಲರೂ ಅಂದುಕೊಂಡಿದ್ದರು. ಆದರೆ ಕಚೇರಿಯಲ್ಲಿ ನಾವು ಬರೆಯುವ ಇಂಗ್ಲಿಷ್ ಪತ್ರವೆಂದರೆ ಹಳೆಯ ಫೈಲಿನಿಂದ ಎತ್ತಿದ ಸಾಲುಗಳ ಮೆರವಣಿಗೆ. ಪರೀಕ್ಷೆಯಲ್ಲಿ ಗೆಳತಿಗೆ ಬರೆಯುವ ಪತ್ರಕ್ಕೂ ಅದೇ ಧಾಟಿ ಹಿಡಿದರೆ ಅಂಕ ಕಡಿತ. ಕೊಟ್ಟ ಮೂರು ಅಂಶಗಳಿಗೆ ಮೂರು ಪ್ಯಾರಾ, ಯಾರಿಗೆ ಬರೆಯುತ್ತೇವೋ ಅವರಿಗೆ ತಕ್ಕ ದನಿ, ಇಷ್ಟೇ ಬೇಕಾದದ್ದು. ಪ್ರಬಂಧದಲ್ಲಿ ಕೇಳಿದ ಪ್ರಶ್ನೆಗೆ ನೇರ ಉತ್ತರ ಮೊದಲ ಪ್ಯಾರಾದಲ್ಲೇ ಬರುವಂತೆ ರೂಢಿ ಮಾಡಿಕೊಂಡೆ. ಕೋಚಿಂಗ್‌ನವರು ಬಾಯಿಪಾಠ ಮಾಡಿಸುವ ಭಾರಿ ಶಬ್ದಗಳ ಮೇಲೆ ನನಗೆ ನಂಬಿಕೆಯಿಲ್ಲ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಚಿಕ್ಕಮ್ಮನ ಮಗಳನ್ನು ಎದುರು ಕೂರಿಸಿಕೊಂಡು ಕಂಬಳದ ಬಗ್ಗೆ, ಮಲ್ಪೆಯ ಮೀನಿನ ದಕ್ಕೆಯ ಬಗ್ಗೆ ಎರಡೆರಡು ನಿಮಿಷ ಮಾತನಾಡಿ ಅಭ್ಯಾಸ ಮಾಡಿದೆ. ನಮ್ಮ ಉಚ್ಚಾರ ಸ್ಪಷ್ಟವಾಗಿದ್ದರೆ ಸಾಕು, ವಿದೇಶಿ ರಾಗ ಎಳೆಯಬೇಕಾಗಿಲ್ಲ.

ಪರೀಕ್ಷೆಯ ದಿನ, ನೋಂದಣಿಯಲ್ಲಿ ಕೊಟ್ಟ ಪಾಸ್‌ಪೋರ್ಟನ್ನೇ, ಅದೂ ಮೂಲಪ್ರತಿಯನ್ನೇ ಒಯ್ಯಬೇಕು. ಫಲಿತಾಂಶಕ್ಕೆ ಆಯುಸ್ಸು ಎರಡು ವರ್ಷ, ಕಾಯಂ ವಾಸದ ಅರ್ಜಿ ಸಲ್ಲಿಸುವ ದಿನವೂ ಅದು ಜೀವಂತವಿರಬೇಕು. ನಮ್ಮ ಪದವಿ ಕೆನಡಾದ ಯಾವ ಪದವಿಗೆ ಸಮವೆಂದು ಹೇಳುವ ಮೌಲ್ಯಮಾಪನ ವರದಿಯಾದರೋ ಐದು ವರ್ಷ ಬಾಳುತ್ತದೆ. ಆದ್ದರಿಂದ ಕೊಣಾಜೆಯ ವಿಶ್ವವಿದ್ಯಾಲಯಕ್ಕೆ ಆ ವರದಿಗೆ ಬೇಕಾದ ಟ್ರಾನ್ಸ್‌ಕ್ರಿಪ್ಟ್‌ಗೆ (ಅಂಕಗಳ ಅಧಿಕೃತ ದಾಖಲೆಗೆ) ಅರ್ಜಿ ಹಾಕಿದ ಮೇಲೆಯೇ ನಾನು ಪರೀಕ್ಷೆಯ ಶುಲ್ಕ ಕಟ್ಟಿದ್ದು.